ಗೆಲುವಿನ ಓಟವೋ, ಜೊತೆಯ ಪಯಣವೋ?

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಜಾತ್ರೆಗಳಲ್ಲಿ ರಥೋತ್ಸವದ ನಂತರ ಜನ ಕಾತರದಿಂದ ಕಾಯುವುದು ಕುಸ್ತಿ ಮತ್ತು ಶರ್ಯತ್ತುಗಳಿಗೆ. ಎತ್ತಿನ ಬಂಡಿಯ ಶರ್ಯತ್ತಿನಷ್ಟೇ ಸಂಭ್ರಮ ಸೈಕಲ್ ಶರ್ಯತ್ತಿಗೂ ಉಂಟು. ಊರ ಅಗಸೆಯ ಬಳಿ ಸವಾರರು ಸಾಲಾಗಿ ನಿಲ್ಲುತ್ತಾರೆ. ಹಿರಿಯರು ಕಾಯಿ ಒಡೆದು ನಿಶಾನೆ ಬೀಸುತ್ತಾರೆ. ಮೊದಲು ಮರಳಿದವರಿಗೆ ಹೂಮಾಲೆ, ನಗದು ಬಹುಮಾನ, ಧ್ವನಿವರ್ಧಕದಲ್ಲಿ ಹೆಸರು. ಕೊನೆಯ ಹುಡುಗ ಬರುವ ವೇಳೆಗೆ ಅಗಸೆಯ ಬಳಿ ಯಾರೂ ಉಳಿದಿರುವುದಿಲ್ಲ. ಅವನೂ ಅಷ್ಟೇ ದೂರ ತುಳಿದು ಬಂದವನು. ಅವನ ಶ್ರಮಕ್ಕೆ ಬೆಲೆಯಿಲ್ಲವೇ? ಈ ಪ್ರಶ್ನೆಯೇ ದೂರದ ಸೈಕಲ್ ಸವಾರಿಯ ಬೇರೆ ಬೇರೆ ಪದ್ಧತಿಗಳನ್ನು ತೂಗಿ ನೋಡುವಂತೆ ನಮ್ಮನ್ನು ಪ್ರೇರೇಪಿಸಿತು.

ಶರ್ಯತ್ತಿನ ಪದ್ಧತಿ

ಎಲ್ಲರಿಗೂ ಪರಿಚಿತವಾದದ್ದು ಸ್ಪರ್ಧೆ. ಜಗತ್ಪ್ರಸಿದ್ಧವಾದ ಟೂರ್ ಡಿ ಫ್ರಾನ್ಸ್ 1903ರಲ್ಲಿ ಪತ್ರಿಕೆಯೊಂದರ ಪ್ರಸಾರ ಹೆಚ್ಚಿಸುವ ಉದ್ದೇಶದಿಂದ ಹುಟ್ಟಿದ್ದು. ಆ ವರ್ಷ ಆರು ಹಂತಗಳಲ್ಲಿ 2,428 ಕಿ.ಮೀ. ಕ್ರಮಿಸಬೇಕಿತ್ತು, ಹೊರಟ 60 ಸವಾರರಲ್ಲಿ ಗುರಿ ಮುಟ್ಟಿದವರು 21 ಮಂದಿ. ಸ್ಪರ್ಧೆಯ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆ ಹಾಗೂ ವಿಜಯಪುರ, ಬಾಗಲಕೋಟೆ, ಗದಗಗಳ ಕ್ರೀಡಾ ವಸತಿ ನಿಲಯಗಳಲ್ಲಿ ಪಳಗಿದ ರೈತಾಪಿ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ಗಳಿಸಿದ್ದಾರೆ. ಪ್ರತಿಭೆಯನ್ನು ಗುರುತಿಸಲು ಸ್ಪರ್ಧೆ ಬೇಕು.

ಆದರೆ ಸ್ಪರ್ಧೆಗೆ ತೆರವಾದ ರಸ್ತೆ ಬೇಕು, ಶಿರಸ್ತ್ರಾಣ ಬೇಕು, ವೈದ್ಯರು ಬೇಕು. ನಮ್ಮ ಸೀಮೆಯಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳು ಹಗಲಿರುಳು ಹರಿದಾಡುತ್ತವೆ. ಎಷ್ಟೋ ಟ್ರೇಲರುಗಳಿಗೆ ಹಿಂಬದಿಯ ದೀಪವೂ ಇರುವುದಿಲ್ಲ. ಅಂಥ ರಸ್ತೆಯಲ್ಲಿ ತಲೆ ತಗ್ಗಿಸಿ ಧಾವಿಸುವ ಹದಿನಾರರ ಬಾಲಕನ ತಾಯಿಯ ಎದೆಬಡಿತವನ್ನು ಬಹುಮಾನದ ಹಣದಿಂದ ಅಳೆಯಲಾಗದು.

ವೇಳೆಯ ಕಟ್ಟಳೆ

ಎರಡನೆಯ ಪದ್ಧತಿಗೆ ಬ್ರೆವೆ ಎಂದು ಹೆಸರು. ಪ್ಯಾರಿಸ್ಸಿನ ಔಡಾಕ್ಸ್ ಸಂಸ್ಥೆ 1921ರಿಂದ ಇದನ್ನು ನಡೆಸಿಕೊಂಡು ಬಂದಿದೆ. ಇಲ್ಲಿ ಎದುರಾಳಿ ಇಲ್ಲ, ಗಡಿಯಾರವಷ್ಟೇ ಉಂಟು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಊಟ, ನಿದ್ರೆ, ಪಂಕ್ಚರ್ ಎಲ್ಲವೂ ಈ ಅವಧಿಯೊಳಗೇ ಅಡಕ. ಸವಾರನು ದಾರಿಯ ತಪಾಸಣಾ ಸ್ಥಳಗಳಲ್ಲಿ ತನ್ನ ಚೀಟಿಗೆ ಮುದ್ರೆ ಹಾಕಿಸಿಕೊಳ್ಳುತ್ತಾನೆ. ಇರುಳಿನಲ್ಲಿ ದೀಪ ಮತ್ತು ಬೆಳಕು ಪ್ರತಿಫಲಿಸುವ ಅಂಗಿ ಕಡ್ಡಾಯ. ಮೊದಲು ಬಂದವನಿಗೂ ಅಂತಿಮ ನಿಮಿಷದಲ್ಲಿ ಬಂದವನಿಗೂ ಒಂದೇ ಮನ್ನಣೆ. ಶ್ರೇಣಿಯಿಲ್ಲ, ನಗದು ಬಹುಮಾನವಿಲ್ಲ.

ಇಂಥ ಸವಾರಿಗಳ ಶಿಖರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್. 1891ರಲ್ಲಿ ಸ್ಪರ್ಧೆಯಾಗಿಯೇ ಆರಂಭವಾದ ಈ ಸುಮಾರು 1,200 ಕಿ.ಮೀ. ಪಯಣ ಇಂದು ನಾಲ್ಕು ವರ್ಷಗಳಿಗೊಮ್ಮೆ, ಗರಿಷ್ಠ 90 ಗಂಟೆಗಳ ಮಿತಿಯಲ್ಲಿ, ಸ್ಪರ್ಧೆಯಿಲ್ಲದೆ ನಡೆಯುತ್ತದೆ. 2019 ಮತ್ತು 2023ರಲ್ಲಿ ಭಾರತದಿಂದಲೂ ನೂರಾರು ಸವಾರರು ಅಲ್ಲಿಗೆ ತೆರಳಿದ್ದರು. ನಮ್ಮ ನಾಡಿನಲ್ಲಿ ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಬ್ರೆವೆಗಳು ನಡೆದಿವೆ.

ಜೊತೆಯ ಸವಾರಿ

ಮೂರನೆಯದು ಇನ್ನೂ ಹಳೆಯದು. 1897ರಲ್ಲಿ ಇಟಲಿಯ ಕೆಲವು ಸವಾರರು ಸೂರ್ಯೋದಯದಿಂದ ಸೂರ್ಯಾಸ್ತದೊಳಗೆ 200 ಕಿ.ಮೀ. ಕ್ರಮಿಸುವ ಪಣ ತೊಟ್ಟರು. ಅದರಿಂದ ಬೆಳೆದು ಬಂದ ಮೂಲ ಔಡಾಕ್ಸ್ ಕ್ರಮದಲ್ಲಿ ಇಡೀ ತಂಡ ಮುಖಂಡನ ಹಿಂದೆ, ಸಾಮಾನ್ಯವಾಗಿ ಗಂಟೆಗೆ ಇಪ್ಪತ್ತೆರಡೂವರೆ ಕಿ.ಮೀ. ವೇಗದಲ್ಲಿ, ಒಟ್ಟಾಗಿ ಸಾಗುತ್ತದೆ. ಮುಖಂಡನನ್ನು ಯಾರೂ ದಾಟಿ ಹೋಗುವಂತಿಲ್ಲ. ಊಟ, ವಿಶ್ರಾಂತಿಗೆ ಎಲ್ಲರೂ ಒಟ್ಟಿಗೇ ನಿಲ್ಲುತ್ತಾರೆ. ಬಲಶಾಲಿ ತನ್ನ ವೇಗವನ್ನು ತಡೆದುಕೊಳ್ಳಬೇಕು.

ಇದನ್ನು ಓದಿದಾಗ ನಮಗೆ ನೆನಪಾದದ್ದು ಶ್ರೀಶೈಲದ ಪಾದಯಾತ್ರೆ. ಯುಗಾದಿಗೆ ಮುಂಚೆ ಕಂಬಿ ಹೊತ್ತು ಮಲ್ಲಯ್ಯನ ಸನ್ನಿಧಿಗೆ ನಡೆಯುವ ನಮ್ಮ ಭಕ್ತರಲ್ಲಿ ಯಾರು ಮೊದಲು ತಲುಪಿದರೆಂದು ಯಾರೂ ಕೇಳುವುದಿಲ್ಲ. ಕಾಲು ಬೊಬ್ಬೆ ಬಂದವನಿಗಾಗಿ ಜೊತೆಯವರು ನಿಲ್ಲುತ್ತಾರೆ. ದಾರಿಯ ಊರುಗಳವರು ಅಂಬಲಿ, ಮಜ್ಜಿಗೆ, ಪ್ರಸಾದ ನೀಡಿ ಕಾಲಿಗೆ ಎಣ್ಣೆ ಹಚ್ಚುತ್ತಾರೆ. ಪರದೇಶದವರು ನಿಯಮ ಬರೆದು ರೂಢಿಸಿಕೊಂಡದ್ದನ್ನು ನಮ್ಮ ಹಿರಿಯರು ಆಚರಣೆಯಿಂದಲೇ ರೂಢಿಸಿದ್ದರು.

ನೆರವು ಯಾರದು?

ಪದ್ಧತಿಗಳನ್ನು ಬೇರ್ಪಡಿಸುವ ಇನ್ನೊಂದು ಅಂಶ ನೆರವು. ಅಮೆರಿಕದ ಉದ್ದಗಲ ಸುಮಾರು 4,800 ಕಿ.ಮೀ. ಸಾಗುವ ಸ್ಪರ್ಧೆಯನ್ನು 2017ರಲ್ಲಿ ಭಾರತೀಯ ಸೇನಾ ವೈದ್ಯ ಶ್ರೀನಿವಾಸ ಗೋಕುಲನಾಥರು ಒಬ್ಬರೇ ತುಳಿದು ಪೂರೈಸಿದರು. ಆದರೆ ಅಲ್ಲಿ ಸವಾರನ ಹಿಂದೆ ಹಗಲಿರುಳು ವಾಹನವೂ ನೆರವಿನ ತಂಡವೂ ಇರುತ್ತವೆ. 2008ರಲ್ಲಿ ಆರಂಭವಾದ ನೀಲಗಿರಿ ಪ್ರವಾಸದಲ್ಲಿ ಸಾಮಾನು, ಊಟ, ವಸತಿಗಳ ಹೊಣೆ ಸಂಘಟಕರದು. ಬ್ರೆವೆಯಲ್ಲಾದರೋ ತಪಾಸಣಾ ಸ್ಥಳವಲ್ಲದೆ ಬೇರೆಡೆ ಸ್ವಂತ ವಾಹನದ ನೆರವು ನಿಷಿದ್ಧ; ಪಂಕ್ಚರ್ ತಿದ್ದುವುದನ್ನು ಸವಾರನೇ ಕಲಿತಿರಬೇಕು. ಮೊದಲಿನದಕ್ಕೆ ಹಣ ಬೇಕು, ಕೊನೆಯದಕ್ಕೆ ಸ್ವಾವಲಂಬನೆ ಬೇಕು. ತನ್ನ ಕಾಯಕವನ್ನು ತಾನೇ ಮಾಡುವ ಬ್ರೆವೆಯ ಶಿಸ್ತಿಗೆ ಪಾದಯಾತ್ರೆಯ ದಾಸೋಹ ಕೂಡಿದರೆ ನಮ್ಮ ಕುಟುಂಬಗಳಿಗೆ ಒಪ್ಪುವ ಮಾರ್ಗ ಸಿದ್ಧವಾಗುತ್ತದೆ.

ನಮ್ಮ ಊರುಗಳಿಗೊಂದು ಸೂಚನೆ

ಜಾತ್ರಾ ಸಮಿತಿಗಳ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ: ಶರ್ಯತ್ತು ಇರಲಿ, ಅದರ ರಸ್ತೆಯನ್ನು ಪೊಲೀಸರ ನೆರವಿನಿಂದ ತೆರವು ಮಾಡಿಸಿ, ಪಳಗಿದ ಸವಾರರಿಗೆ ಮೀಸಲಿಡಿರಿ. ಅದರ ಜೊತೆಗೆ ವರ್ಷಕ್ಕೊಮ್ಮೆ ಸ್ಪರ್ಧೆಯಿಲ್ಲದ ಸವಾರಿಯೊಂದನ್ನು ಏರ್ಪಡಿಸಿರಿ. ಹುಕ್ಕೇರಿಯಿಂದ ಘಟಪ್ರಭಾ, ಗೋಕಾಕಗಳ ಮೇಲಾಗಿ ಮೂಡಲಗಿಯ ಶಿವಬೋಧರಂಗ ಮಠದವರೆಗೆ ಒಂದು ದಾರಿ ಸಾಕು. ಕಬ್ಬಿನ ಹಂಗಾಮಿಗೆ ಮುಂಚೆ, ಮಳೆ ನಿಂತ ಮೇಲೆ, ಹಗಲಿನಲ್ಲಿಯೇ ನಡೆಯಲಿ. ಬಲ್ಲವರು ಇಡೀ ದಾರಿ ತುಳಿಯಲಿ, ಮಕ್ಕಳು ಹತ್ತು ಕಿ.ಮೀ. ಸಾಗಲಿ. ದಾರಿಯ ಮಠ, ಗುಡಿ, ಶಾಲೆಗಳಲ್ಲಿ ಚೀಟಿಗೆ ಮುದ್ರೆಯೂ ಕುಡಿಯುವ ನೀರೂ ದೊರೆಯಲಿ.

ಹೆಣ್ಣುಮಕ್ಕಳನ್ನು ನಾವು ವಿಶೇಷವಾಗಿ ನೆನೆಯುತ್ತೇವೆ. 2006-07ರಿಂದ ಹಲವು ವರ್ಷ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ನೀಡಿತು. ಅದನ್ನೇರಿ ಶಾಲೆಗೆ ಹೋದ ಎಷ್ಟೋ ಬಾಲಕಿಯರು ಹತ್ತನೆಯ ತರಗತಿ ಮುಗಿದೊಡನೆ ಸವಾರಿ ಬಿಟ್ಟರು. ಸೈಕಲ್ ದನದ ಕೊಟ್ಟಿಗೆಯ ಮೂಲೆ ಸೇರಿತು. ಶರ್ಯತ್ತಿಗೆ ಮಗಳನ್ನು ಕಳಿಸಲು ಹಿಂಜರಿಯುವ ತಂದೆತಾಯಿ, ತಾವೂ ಜೊತೆಗಿರುವ ಸವಾರಿಗೆ ಸಂತೋಷದಿಂದ ಕಳಿಸಿಯಾರು.

ಒಂದು ಮಾತು ಮಾತ್ರ ಮರೆಯದಿರಲಿ. ಕೊನೆಯ ಸವಾರ ಬಂದು ಸೇರುವವರೆಗೆ ಪಂಕ್ತಿ ಏಳಬಾರದು, ದೀಪ ಆರಬಾರದು. ಅವನು ಬಂದು ಕೈಕಾಲು ತೊಳೆದು ಎಲ್ಲರ ಸಾಲಿನಲ್ಲಿ ಪ್ರಸಾದಕ್ಕೆ ಕುಳಿತಾಗಲೇ ಆ ದಿನದ ಸವಾರಿ ಮುಗಿಯಿತೆಂದು ತಿಳಿಯೋಣ.