ಶಾಲೆಯ ಮಕ್ಕಳ ಫಳಾರವೂ ಮನೆಯ ಶೇಂಗಾವೂ

ಶಾಲೆಯಿಂದ ಮನೆಗೆ ಬಂದೊಡನೆ ಮಕ್ಕಳು ಕೇಳುವ ತಿನಿಸಿಗೆ ನಮ್ಮ ಧಾರವಾಡ ಸೀಮೆಯಲ್ಲಿ ಫಳಾರವೆಂದು ಹೆಸರು. ಹಿಂದಕ್ಕೆ ಇದು ಬಹುಮಟ್ಟಿಗೆ ಹೊಲದಿಂದಲೇ ಬರುತ್ತಿದ್ದಿತು: ಹುರಿದ ಶೇಂಗಾ, ಪುಠಾಣಿ, ಜೋಳದ ಅಳ್ಳು, ಹಂಗಾಮಿನಲ್ಲಿ ಸೀತನಿ ಮತ್ತು ಸುಲಗಾಯಿ. ಈಗ ಅಂಗಡಿಯ ಬಣ್ಣದ ಪೊಟ್ಟಣವು ಆ ಸ್ಥಾನವನ್ನು ಆಕ್ರಮಿಸಿರುತ್ತದೆ. ಕಣದಲ್ಲಿ ಕಾಳಿನ ರಾಶಿ ಹಾಕಿದ ಜಮೀನುದಾರನು ಮಕ್ಕಳ ಕೈಯಲ್ಲಿ ಹಣವನ್ನಿತ್ತು, ಹಿಟ್ಟು, ಎಣ್ಣೆ, ಉಪ್ಪುಗಳ ಹೊರತು ಹೆಚ್ಚೇನೂ ಇಲ್ಲದ ಪದಾರ್ಥವನ್ನು ಕೊಳ್ಳಿಸುವುದು ವಿಚಿತ್ರವಾದ ವ್ಯಾಪಾರವೇ ಸರಿ.

ಅಕ್ಷರ ದಾಸೋಹದ ಊಟದ ಜೊತೆಗೆ ಮೊಟ್ಟೆ, ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿಯನ್ನು ಕೊಡುವ ಏರ್ಪಾಡು 2022ರಲ್ಲಿ ರಾಜ್ಯದ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. 2025ರಲ್ಲಿ ಸರಕಾರವು ಚಿಕ್ಕಿಯನ್ನು ಮಾತ್ರ ನಿಲ್ಲಿಸಿತು. ಅದರ ಗುಣವೂ ಶೇಖರಣೆಯೂ ಸರಿಯಿಲ್ಲವೆಂಬ ದೂರುಗಳಿದ್ದವು. ಇದರಿಂದ ಶೇಂಗಾವೇ ಮಕ್ಕಳಿಗೆ ಅಹಿತವೆಂದು ತಿಳಿಯಲಾಗದು. ನೂರು ಗ್ರಾಂ ಕಾಳಿನಲ್ಲಿ ಸುಮಾರು 25 ಗ್ರಾಂ ಸಸಾರಜನಕವುಂಟು. ಇಷ್ಟು ಅಗ್ಗವಾಗಿ ಇದನ್ನು ಒದಗಿಸುವ ಬೆಳೆಗಳು ಕೆಲವೇ. ದೋಷವು ಕಾಳಿನದಲ್ಲ, ಅದನ್ನು ಒಣಗಿಸಿ ಇಡುವ ರೀತಿಯದು. ಈ ದೋಷವು ನಮ್ಮ ಮನೆಗಳಲ್ಲಿಯೂ ಇರುತ್ತದೆ.

ಒಕ್ಕಲಿಗರು ಒಳ್ಳೆಯ ಕಾಳನ್ನು ಅಮರಗೋಳದ ಮಾರುಕಟ್ಟೆಗೆ ಕಳಿಸಿ, ಸುಕ್ಕಿದ, ಮುರಿದ, ಬಣ್ಣಗೆಟ್ಟ ಕಾಳನ್ನು ಚಟ್ನಿಗೂ ಉಂಡಿಗೂ ಇಟ್ಟುಕೊಳ್ಳುವುದುಂಟು. ಇಂಥ ಕಾಳಿನಲ್ಲಿಯೇ ಹಳದಿ ಹಸಿರು ಬಣ್ಣದ ಬೂಷ್ಟು ಬೇಗ ನೆಲೆಗೊಳ್ಳುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿಯನ್ನು ತಿಂದ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ, ಈ ಬೂಷ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷವು ಗೊತ್ತಾಯಿತು. 1974ರಲ್ಲಿ ಗುಜರಾತ, ರಾಜಸ್ಥಾನಗಳ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳವನ್ನು ತಿಂದು ನೂರಕ್ಕೂ ಹೆಚ್ಚು ಜನರು ಯಕೃತ್ತಿನ ರೋಗದಿಂದ ಮಡಿದರು. ಹುರಿಯುವುದರಿಂದ ಈ ವಿಷವು ಪೂರ್ಣವಾಗಿ ನಾಶವಾಗುವುದಿಲ್ಲ. ಬೆಲ್ಲವು ಅದರ ಕಹಿಯನ್ನು ಮುಚ್ಚೀತು, ವಿಷವನ್ನಲ್ಲ.

ಕಾರಣ, ಕಿತ್ತ ಬಳ್ಳಿಯನ್ನು ಕಾಯಿ ಮೇಲೆ ಮಾಡಿ ಒಣಗಿಸಬೇಕು. ಕಾಯಿಯನ್ನು ಅಲುಗಿಸಿದರೆ ಒಳಗಿನ ಕಾಳು ಸಪ್ಪಳ ಮಾಡಬೇಕು. ತೇವವು ನೂರಕ್ಕೆ ಎಂಟರಷ್ಟಕ್ಕೆ ಇಳಿದಿರತಕ್ಕದ್ದು. ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿಡಬೇಕು. ಸುಲಿಯಲು ಸುಲಭವೆಂದು ಕಾಯಿಗೆ ನೀರು ಚಿಮುಕಿಸುವ ರೂಢಿಯನ್ನಂತೂ ಬಿಡಲೇಬೇಕು. ಮಕ್ಕಳ ಉಂಡಿಗೆ ಬೇಕಾದ ಕಾಳನ್ನು ಮಾರುವ ರಾಶಿಯಿಂದಲೇ ಮೊದಲು ತೆಗೆದಿಡುವುದು ಉತ್ತಮ. ಶೇಂಗಾ ಒಗ್ಗದ ಮಕ್ಕಳು ಅಲ್ಲಲ್ಲಿ ಇರುತ್ತಾರೆ, ಅವರಿಗೆ ಪುಠಾಣಿಯನ್ನು ಕೊಡಬಹುದು.

ಬೆಲ್ಲದ ಕಬ್ಬಿಣಾಂಶವನ್ನು ಹೊಗಳುವವರು ಬಹಳ. ಹಲ್ಲಿಗಾದರೋ ಬೆಲ್ಲವೂ ಸಕ್ಕರೆಯೂ ಒಂದೇ. ಉಂಡಿ ಕಟ್ಟಲು ಸಾಕಾಗುವಷ್ಟೇ ಹಾಕಿದರಾಯಿತು. ಮೊಳಕೆ ಬರಿಸಿದ ಹೆಸರುಕಾಳಿಗೆ ಲಿಂಬೆಯ ರಸ ಹಿಂಡಿ ಕೊಟ್ಟರೆ ಕಾಳಿನಲ್ಲಿರುವ ಕಬ್ಬಿಣವು ಮೈಗೆ ಹೆಚ್ಚು ಹತ್ತುತ್ತದೆ. ಚುರುಮುರಿಯ ಸಂಗಡ ಮಕ್ಕಳಿಗೆ ಚಹಾ ಕುಡಿಸುವ ನಮ್ಮ ಪದ್ಧತಿಯು ಇದಕ್ಕೆ ತೀರ ವಿರುದ್ಧವಾದುದು.

ಗೌಡರೂ ಹಿರಿಯರೂ ತಿಳಿದಿರಬೇಕಾದ ಒಂದು ನಿಯಮವುಂಟು. 2020ರ ಕೇಂದ್ರ ಆಹಾರ ಸುರಕ್ಷಾ ನಿಯಮಗಳ ಪ್ರಕಾರ, ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಿಯೂ ಅದರ ಬಾಗಿಲಿನಿಂದ 50 ಮೀಟರಿನೊಳಗೂ ಮಕ್ಕಳಿಗೆ ಮಾರಕೂಡದು. ಅಂಗಡಿಕಾರನು ನಮ್ಮ ಊರಿನವನೇ ಆದುದರಿಂದ ಸಂಕೋಚವಾಗುವುದು ಸಹಜ. ಆದರೂ ಅವನನ್ನು ಕರೆದು ಅದೇ ಸ್ಥಳದಲ್ಲಿ ಪುಠಾಣಿ, ಶೇಂಗಾ, ಪೇರಲಹಣ್ಣು ಮಾರೆಂದು ಹೇಳಿದರೆ ಅವನ ಹೊಟ್ಟೆಯ ಮೇಲೆ ಹೊಡೆದಂತಾಗದು. ಧಾರವಾಡದ ಪೇರಲವು ಮೊದಲಿನಿಂದಲೂ ಹೆಸರಾದುದು; ನೂರು ಗ್ರಾಂ ಹಣ್ಣಿನಲ್ಲಿ ಸುಮಾರು 200 ಮಿಲಿಗ್ರಾಂ ಸಿ ಜೀವಸತ್ವವಿದ್ದು, ಕಿತ್ತಳೆಯನ್ನು ಅದು ಬಹಳ ಮೀರಿಸುತ್ತದೆ. ಶಾಲೆಯ ಹಿತ್ತಲಿನಲ್ಲಿ ಸ್ಥಳವೂ ಬಾವಿಯೂ ಇದ್ದಲ್ಲಿ ಮುಂಗಾರಿನ ಆರಂಭದಲ್ಲಿ ನಾಲ್ಕು ಕಸಿಗಿಡಗಳನ್ನು ಇಪ್ಪತ್ತು ಅಡಿಗಳ ಅಂತರದಲ್ಲಿ ನೆಡಿಸಬಹುದು. ಮೂರನೆಯ ವರ್ಷಕ್ಕೆ ಹಣ್ಣು ಕೈಗೆ ಬರುತ್ತದೆ.