ಮನೆಯಲ್ಲಿ ಕಟ್ಟುವ ವಿಮಾನದ ರೇಡಿಯೇಟರ್: ತಪ್ಪು ಕಲ್ಪನೆ ಮತ್ತು ವಾಸ್ತವ

ಪೈಲಟ್ ಅಮೋಲ್ ಯಾದವ್ ಮುಂಬಯಿಯ ಕಾಂದಿವಲಿಯಲ್ಲಿರುವ ತಮ್ಮ ಕಟ್ಟಡದ ತಾರಸಿಯಲ್ಲಿ ಕಟ್ಟಿದ ಆರು ಸೀಟಿನ ವಿಮಾನ 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನಕ್ಕೆ ಬಂತು. 2017ರ ನವೆಂಬರಿನಲ್ಲಿ ಅದಕ್ಕೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನೋಂದಣಿಯೂ ದೊರೆಯಿತು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ನಮ್ಮಂಥ ಹವ್ಯಾಸಿಗಳಿಗೆ ಅದು ಧೈರ್ಯ ತುಂಬಿತು. ಆದರೆ ಎಂಜಿನ್ ತಂಪಾಗಿಸುವ ಮಾತು ಬಂದಾಗ ನಾವು ಕಾರು, ಬೈಕಿನ ಅನುಭವವನ್ನೇ ನಂಬಿದೆವು. ಹಗುರ ವಿಮಾನಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ರೋಟಾಕ್ಸ್ 912 ಎಂಜಿನ್ನಿನ ಸಿಲಿಂಡರ್ ಹೆಡ್‌ಗಳನ್ನು ತಂಪಾಗಿಸುವುದು ದ್ರವ (ಕೂಲೆಂಟ್). ಬೆಂಗಳೂರಿನ ಎನ್‌ಎಎಲ್ ಸಂಸ್ಥೆ ರೂಪಿಸಿದ ಹಂಸ-ಎನ್‌ಜಿ ವಿಮಾನದಲ್ಲಿರುವುದೂ ಇದೇ ಬಳಗದ ಎಂಜಿನ್. ಹಾಗಾಗಿ ರೇಡಿಯೇಟರ್ ಬೇಕೇ ಬೇಕು, ಅದಕ್ಕೆ ಗಾಳಿ ಸಾಗಿಸುವ ಸರಿಯಾದ ಡಕ್ಟ್ ಕೂಡ ಬೇಕು.

ತಪ್ಪು ಕಲ್ಪನೆ 1: ಗಾಳಿ ಒಳಬರುವ ಬಾಯಿ ದೊಡ್ಡದಾದಷ್ಟೂ ಎಂಜಿನ್ ತಂಪು.

ವಾಸ್ತವ: ಡಕ್ಟ್ ನುಂಗಲಾರದ ಗಾಳಿ ಬಾಯಿಯಿಂದ ಹೊರಚೆಲ್ಲಿ ವಿಮಾನವನ್ನು ಹಿಂದಕ್ಕೆಳೆಯುತ್ತದೆ. ಬಾಯಿ ಚಿಕ್ಕದಿರಬೇಕು, ರೇಡಿಯೇಟರಿನ ಮುಖ ಅದಕ್ಕಿಂತ ದೊಡ್ಡದಿರಬೇಕು. ಹಾಗಿದ್ದಾಗ ನಡುವೆ ಗಾಳಿಯ ವೇಗ ತಗ್ಗಿ ಅದರ ಒತ್ತಡ ಏರುತ್ತದೆ. ರೇಡಿಯೇಟರಿನೊಳಗೆ ಗಾಳಿಯ ವೇಗ ಅರ್ಧಕ್ಕಿಳಿದರೆ ಅಲ್ಲಿ ನಷ್ಟವಾಗುವ ಒತ್ತಡ ಸುಮಾರು ಕಾಲು ಭಾಗಕ್ಕಿಳಿಯುತ್ತದೆ.

ತಪ್ಪು ಕಲ್ಪನೆ 2: ಚಿಕ್ಕ ಬಾಯಿಯಿಂದ ದೊಡ್ಡ ಮುಖಕ್ಕೆ ಗಾಳಿಯನ್ನು ಎಷ್ಟು ಗಿಡ್ಡ ಜಾಗದಲ್ಲಾದರೂ ಹರಡಬಹುದು.

ವಾಸ್ತವ: ಗಾಳಿಗೆ ಅವಸರ ಒಗ್ಗದು. ಗೋಡೆಗಳು ಥಟ್ಟನೆ ಅಗಲವಾದರೆ ಗಾಳಿ ಗೋಡೆ ಬಿಟ್ಟು ಸುಳಿಯಾಗುತ್ತದೆ. ಆಗ ರೇಡಿಯೇಟರಿನ ನಡುಭಾಗ ಮಾತ್ರ ದುಡಿಯುತ್ತದೆ, ಮೂಲೆಗಳು ಸುಮ್ಮನೆ ಕೂರುತ್ತವೆ. ಅಂಚಿನಲ್ಲಿ ಬೆರಳಗಲದ ಸಂದಿಯಿದ್ದರೂ ಗಾಳಿ ಅಲ್ಲಿಂದಲೇ ಜಾರಿಕೊಳ್ಳುತ್ತದೆ. ಅದಕ್ಕೆ ರಬ್ಬರ್ ಸೀಲ್ ಬೇಕು.

ತಪ್ಪು ಕಲ್ಪನೆ 3: ಗಾಳಿ ಒಳಗೆ ಬಂದರೆ ಸಾಕು, ಹೊರಗೆ ತಾನಾಗಿ ಹೋಗುತ್ತದೆ.

ವಾಸ್ತವ: ಸಂಜೆ ಡೊಂಬಿವಲಿ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ. ಇಳಿಯುವ ಮೆಟ್ಟಿಲು ಕಟ್ಟಿಕೊಂಡರೆ ಹತ್ತುವ ಮೆಟ್ಟಿಲು ಎಷ್ಟು ಅಗಲವಿದ್ದರೇನು? ಗಾಳಿಯನ್ನು ನಡೆಸುವುದು ಮುಂದಿನ ಮತ್ತು ಹಿಂದಿನ ಒತ್ತಡಗಳ ಅಂತರ. ಹೊರಬಾಯಿ ಒತ್ತಡ ಕಡಿಮೆಯಿರುವ ಜಾಗದಲ್ಲಿರಬೇಕು. ಅದಕ್ಕೆ ತೆರೆದು ಮುಚ್ಚುವ ಫ್ಲ್ಯಾಪ್ ಇರಬೇಕು: ಮೇಲೇರುವಾಗ ತೆರೆಯಲು, ಸಮತಟ್ಟಾಗಿ ಹಾರುವಾಗ ಕಿರಿದಾಗಿಸಲು.

ತಪ್ಪು ಕಲ್ಪನೆ 4: ಕೊಂಕಣದ ಸೆಕೆಯ ತೇವದಲ್ಲಿ ರೇಡಿಯೇಟರ್ ಸೋಲುತ್ತದೆ.

ವಾಸ್ತವ: ಬೆವರು ಆರದೆ ಸಂಕಟಪಡುವವರು ನಾವು, ರೇಡಿಯೇಟರ್ ಬೆವರುವುದಿಲ್ಲ. ಅದಕ್ಕೆ ಮುಖ್ಯವಾದದ್ದು ಗಾಳಿಯ ಉಷ್ಣಾಂಶ. ಕೂಲೆಂಟ್ 90 ಡಿಗ್ರಿಯಿದ್ದಾಗ ಹೊರಗೆ 20 ಡಿಗ್ರಿಯಿದ್ದರೆ ಅಂತರ 70, ಹೊರಗೆ 36 ಆದರೆ ಅಂತರ 54. ಅಷ್ಟೇ ಗಾಳಿ ಹರಿದರೂ ಹೊರಹೋಗುವ ಶಾಖ ಸುಮಾರು ಶೇ. 23ರಷ್ಟು ಕಡಿಮೆ. ಬೆಂಗಳೂರಿನ ತಂಪು ಬೆಳಿಗ್ಗೆಗೆ ಸಾಕಾದ ಡಕ್ಟ್ ಕಲ್ಯಾಣದ ಮೇ ಮಧ್ಯಾಹ್ನಕ್ಕೆ ಸಾಲದಿರಬಹುದು.

ತಪ್ಪು ಕಲ್ಪನೆ 5: ಒಳ್ಳೆಯ ಡಕ್ಟ್ ಜೆಟ್ಟಿನಂತೆ ವಿಮಾನವನ್ನು ಮುಂದೂಡುತ್ತದೆ.

ವಾಸ್ತವ: ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಬಿಸಿಯಾದ ಗಾಳಿ ವೇಗವಾಗಿ ಹೊರಬಿದ್ದಾಗ ಸ್ವಲ್ಪ ತಳ್ಳುತ್ತದೆಂದು ಬ್ರಿಟನ್ನಿನ ಎಫ್. ಡಬ್ಲ್ಯು. ಮೆರೆಡಿತ್ 1930ರ ದಶಕದಲ್ಲೇ ತೋರಿಸಿದರು. 1940ರಲ್ಲಿ ಮೊದಲು ಹಾರಿದ ಮಸ್ಟಾಂಗ್ ಯುದ್ಧವಿಮಾನ ಅದರ ಲಾಭ ಪಡೆಯಿತು. ಆದರೆ ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 600 ಕಿ.ಮೀ. ವೇಗದಲ್ಲಿ ಸಿಗುವ ಒತ್ತಡದ ಒಂಬತ್ತನೇ ಒಂದು ಭಾಗವಷ್ಟೇ 200 ಕಿ.ಮೀ.ಯಲ್ಲಿ ಸಿಗುತ್ತದೆ. ನಮ್ಮ ವೇಗಕ್ಕೆ ಡಕ್ಟ್ ಕೊಡುವ ಲಾಭ ತಳ್ಳುವಿಕೆಯಲ್ಲ, ಎಳೆತದ ಉಳಿತಾಯ. ಅದೇನೂ ಸಣ್ಣದಲ್ಲ.

ಕತ್ತರಿ ಹಿಡಿಯುವ ಮುನ್ನ ಅಳೆಯೋಣ. ಗಾರೆ ಕೆಲಸದವರು ಮಟ್ಟ ನೋಡುವಂಥ ಪಾರದರ್ಶಕ ಕೊಳವೆ, ಸ್ವಲ್ಪ ನೀರು ಇದ್ದರೆ ರೇಡಿಯೇಟರಿನ ಹಿಂದು ಮುಂದಿನ ಒತ್ತಡದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. 200 ಕಿ.ಮೀ. ವೇಗದಲ್ಲಿ ನಮ್ಮ ಕೈಯಲ್ಲಿರುವ ಒತ್ತಡ ಸುಮಾರು 19 ಸೆಂ.ಮೀ. ನೀರಿನಷ್ಟು. ಎಲ್ಲ ವಿನ್ಯಾಸವೂ ಅಷ್ಟರೊಳಗೇ ಆಗಬೇಕು.