ನಾಯಿಯ ಜೊತೆ ಕಡಲಾಮೆಯ ತೀರದಲ್ಲಿ

ಕೇಳುಗರೇ, ಬೆಳಗ್ಗೆ ಎದ್ದು ನಾಯಿಯನ್ನು ಕರೆದುಕೊಂಡು ಕಡಲ ದಂಡೆಗೆ ಹೋಗುವ ಅಭ್ಯಾಸ ನಿಮ್ಮಲ್ಲಿ ಕೆಲವರಿಗಾದರೂ ಇದ್ದೀತು. ಹೊಯಿಗೆ ಕಂಡರೆ ನಾಯಿಗೆ ಹಬ್ಬ. ಸರಪಳಿ ಬಿಚ್ಚಿದರೆ ಸಾಕು, ಓಟವೋ ಓಟ. ಸಾಧಾರಣ ದಂಡೆಯಲ್ಲಿ ಇದರಿಂದ ದೊಡ್ಡ ನಷ್ಟವೇನೂ ಇಲ್ಲ. ಆದರೆ ಗೋವಾದ ಗಾಲ್ಜಿಬಾಗ, ಅಗೋಂದ, ಮೊರ್ಜಿ, ಮಾಂದ್ರೆ ತೀರಗಳ ಸಂಗತಿ ಬೇರೆ. ಕಾಸರಗೋಡು ಜಿಲ್ಲೆಯಲ್ಲಿ ನೀಲೇಶ್ವರದ ತೈಕ್ಕಡಪ್ಪುರದ್ದೂ ಅಷ್ಟೇ. ಇಲ್ಲಿ ಕಡಲಾಮೆ ಮೊಟ್ಟೆಯಿಡುತ್ತದೆ.

ಈ ಆಮೆಗೆ ಆಲಿವ್ ರಿಡ್ಲಿ ಎಂದು ಹೆಸರು. ಗೋವಾದಲ್ಲಿ ಹೆಚ್ಚಾಗಿ ನವೆಂಬರಿನಿಂದ ಮಾರ್ಚಿನವರೆಗೆ, ರಾತ್ರಿ ಹೊತ್ತು, ಹೆಣ್ಣಾಮೆ ಭರತದ ಗೆರೆ ದಾಟಿ ಮೇಲೆ ಬರುತ್ತದೆ. ಹಿಂಗಾಲುಗಳಿಂದ ಸುಮಾರು ಒಂದೂವರೆ ಅಡಿ ಆಳದ, ಹೂಜಿಯಾಕಾರದ ಗುಂಡಿ ತೋಡಿ ನೂರರ ಆಸುಪಾಸು ಮೊಟ್ಟೆಯಿಟ್ಟು, ಹೊಯಿಗೆ ಮುಚ್ಚಿ, ಕಡಲಿಗೆ ಮರಳಿಬಿಡುತ್ತದೆ. ಕಾವು ಕೊಡುವುದು, ಕಾಯುವುದು ಒಂದೂ ಇಲ್ಲ. 45ರಿಂದ 60 ದಿನ ಬಿಸಿಲೇ ಆ ಕೆಲಸ ಮಾಡಬೇಕು. ಹೊಯಿಗೆ ಹೆಚ್ಚು ಬಿಸಿಯಾದರೆ ಹೆಣ್ಣುಮರಿಗಳು ಹೆಚ್ಚು, ತಂಪಾದರೆ ಗಂಡು.

ನಮ್ಮ ಕಣ್ಣಿಗೆ ಅಲ್ಲಿ ಬರೀ ಹೊಯಿಗೆ. ನಾಯಿಯ ಮೂಗಿಗೆ ಹಾಗಲ್ಲ. ಮೊಟ್ಟೆಯಿಟ್ಟ ಹೊಸದರಲ್ಲಿ ಅಂಟುದ್ರವದ ವಾಸನೆ, ಮರಿ ಒಡೆದು ಬರುವ ಹೊತ್ತಿಗೆ ಚಿಪ್ಪಿನ ವಾಸನೆ. ನಾಯಿಗೆ ಹಸಿವೇ ಬೇಕೆಂದಿಲ್ಲ; ಕೆದಕುವುದು ಅದರ ಹುಟ್ಟುಗುಣ. ತಿನ್ನದಿದ್ದರೂ ಗೂಡು ತೆರೆದುಕೊಂಡಿತು ಎಂದಾದರೆ ಏಡಿಗೆ, ಕಾಗೆಗೆ, ಹದ್ದಿಗೆ ದಾರಿಯಾಯಿತು. ಅರಣ್ಯ ಇಲಾಖೆಯವರು ಗೂಡಿನ ಸುತ್ತ ಬಲೆಯ ಬೇಲಿ ಕಟ್ಟುವುದು ಇದಕ್ಕೇ. ಸಾವಿರ ಮರಿಯಲ್ಲಿ ಒಂದು ಬೆಳೆದು ದೊಡ್ಡದಾದೀತು ಎಂಬ ಅಂದಾಜಿದೆ. ಹೀಗಿರುವಾಗ ಒಂದು ಗೂಡು ಹೋದರೂ ಲೆಕ್ಕವೇ.

ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿ ಈ ಆಮೆ ಸೇರಿದೆ. ಅದರ ಪ್ರಕಾರ ‘ಬೇಟೆ’ ಎಂದರೆ ಕೊಲ್ಲುವುದು ಮಾತ್ರವಲ್ಲ, ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡುವುದು, ಗೂಡನ್ನು ಕದಡುವುದು ಕೂಡ ಬೇಟೆಯೇ.

ಹಾಗಾದರೆ ನೀರಿನ ಅಂಚಿನ ಒದ್ದೆ ಹೊಯಿಗೆಯಲ್ಲಿ ನಡೆಸಬಹುದಲ್ಲ ಎಂದು ನೀವು ಕೇಳಬಹುದು. ಆಮೆಯ ಮಟ್ಟಿಗೆ ಅದು ಸರಿ. ಹಕ್ಕಿಯ ಮಟ್ಟಿಗಲ್ಲ. ಮಳೆಗಾಲದ ಕೊನೆಗೆ ಮಧ್ಯ ಏಷ್ಯಾದಿಂದ ಬರುವ ಪ್ಲೋವರ್ ಹಕ್ಕಿಗಳು ಮೇಯುವುದು ಅದೇ ಅಂಚಿನಲ್ಲಿ. ಏಪ್ರಿಲ್‌ ಹೊತ್ತಿಗೆ ಸಾವಿರಾರು ಮೈಲಿ ಹಿಂದೆ ಹಾರಲು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕು. ನಾಯಿ ಆಟಕ್ಕೆ ಬೆನ್ನಟ್ಟಿದರೂ ಅವು ಹಾರಲೇಬೇಕು, ಕೂಡಿಸಿದ್ದು ಖರ್ಚಾಗಲೇಬೇಕು. ಸರಪಳಿ ಹಾಕಿದರೂ ಹಕ್ಕಿಗೆ ನಾಯಿ ನಾಯಿಯೇ: ಆಸ್ಟ್ರೇಲಿಯಾದ ಸಿಡ್ನಿ ಬಳಿಯ ಕಾಡುದಾರಿಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಟ್ಟಿದ ನಾಯಿ ಹಾದುಹೋದ ಕಡೆ ಹಕ್ಕಿಗಳ ಸಂಖ್ಯೆ ಶೇಕಡಾ 41ರಷ್ಟು ಕಡಿಮೆ ಕಂಡಿತ್ತು. ಇಂಗ್ಲೆಂಡಿನಲ್ಲಿ 2000ನೇ ಇಸವಿಯ ಒಂದು ಕಾನೂನು, ಸಾರ್ವಜನಿಕರಿಗೆ ತೆರೆದ ಬಯಲುಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯ ಹಗ್ಗ ಎರಡು ಮೀಟರಿಗಿಂತ ಉದ್ದವಿರಬಾರದು ಎನ್ನುತ್ತದೆ. ಅಲ್ಲಿ ಅದು ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಕಾಲ.

ನಿಜ ಹೇಳಬೇಕೆಂದರೆ ಸಾಕಿದ ನಾಯಿಗಿಂತ ಹೆಚ್ಚಿನ ಹಾನಿ ಬೀದಿನಾಯಿಗಳಿಂದ. ಪ್ರವಾಸಿಗರ ಕಾಲದಲ್ಲಿ ಮೀನಿನ ತಲೆ, ಅನ್ನ ಹಾಕಿ ಬೆಳೆಸುತ್ತೇವೆ, ಮಳೆ ಬಂತೆಂದರೆ ಮರೆಯುತ್ತೇವೆ. ಅದಕ್ಕೆ ಬೇಕಾದದ್ದು ಕಲ್ಲಲ್ಲ, ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆ.

ನಿಮ್ಮ ನಾಯಿಯನ್ನು ಗೂಡಿನ ಕಾಲದಲ್ಲಿ ಮುಸ್ಸಂಜೆಯಿಂದ ಬೆಳಗಿನವರೆಗೆ ಆ ತೀರಗಳಿಗೆ ಒಯ್ಯಬೇಡಿ. ಹಗಲಲ್ಲಿ ಒಯ್ದರೂ ಗಿಡ್ಡ ಹಗ್ಗವಿರಲಿ, ಹಕ್ಕಿ ಗುಂಪಾಗಿ ಕೂತಲ್ಲಿಗೆ ಮುಂಚೆಯೇ ಹಿಂದಿರುಗಿ. ಹೊಯಿಗೆಯಲ್ಲಿ ಸುಮಾರು ಎರಡೂವರೆ ಅಡಿ ಅಗಲದ, ಸಣ್ಣ ಗಾಡಿ ಹೋದಂತಹ ಗುರುತು ಕಂಡರೆ ನೋಡಿ: ಏರಿದ್ದೊಂದು, ಇಳಿದದ್ದೊಂದು, ನಡುವೆ ಕದಡಿದ ಹೊಯಿಗೆ. ಗೂಡು ಅಲ್ಲೇ. ಆ ಗುರುತನ್ನು ತುಳಿದು ಅಳಿಸದೆ ಅರಣ್ಯ ಕಾವಲುಗಾರರಿಗೆ ತಿಳಿಸಿ. ಅವರು ಗೂಡನ್ನು ಹುಡುಕುವುದು ಅದರ ಜಾಡಿನಿಂದಲೇ.